ನೇಪಲ್ಸ್‌ಗೆ ಹೊರಟವರ ಪತ್ರಗಳು

ಹಿಂದೊಮ್ಮೆ ರೋಮ್ ಬಗ್ಗೆ ಬರೆದಾಗ, ‘ದಿನ ಉಳಿದರೆ ನೇಪಲ್ಸ್‌ಗೂ ಹೋಗಿ ಬನ್ನಿ’ ಎಂದು ಕೊನೆಗೊಂದು ಸಾಲು ಸೇರಿಸಿದ್ದೆ. ರೋಮ್ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಮೇಲೆಯೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಬಂದರು ನಗರಕ್ಕೆ.

ಸಾರ್, ಅಕ್ಟೋಬರ್‌ನಲ್ಲಿ ನಾವು ಗಂಡ ಹೆಂಡತಿ ಹತ್ತು ದಿನ ಇಟಲಿಗೆ ಹೊರಟಿದ್ದೇವೆ. ನೇಪಲ್ಸ್ ಕಳ್ಳರ ಊರು, ಅಲ್ಲಿ ರಾತ್ರಿ ಉಳಿಯಬೇಡಿ, ರೋಮ್‌ನಿಂದ ಬೆಳಿಗ್ಗೆ ಹೋಗಿ ಪಾಂಪೇಯಿ ನೋಡಿಕೊಂಡು ಸಂಜೆ ಬಂದುಬಿಡಿ ಅಂತ ಟ್ರಾವೆಲ್ ಏಜೆಂಟ್ ಹೇಳ್ತಾರೆ. ನಿಮ್ಮ ಅಭಿಪ್ರಾಯ?
— ಆರ್.ಎಸ್., ರಾಜಾಜಿನಗರ, ಬೆಂಗಳೂರು

ರೋಮ್‌ನ ಟರ್ಮಿನಿ ನಿಲ್ದಾಣದಿಂದ ವೇಗದ ರೈಲಿಗೆ ಒಂದೂಕಾಲು ಗಂಟೆಯ ದಾರಿ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು, ನಿಜ. ಆದರೆ ಹಾಗೆ ಹೋಗಿ ಬಂದವರು ನೋಡುವುದು ರೈಲು ನಿಲ್ದಾಣ ಮತ್ತು ಪಾಂಪೇಯಿ. ನೇಪಲ್ಸ್ ನೋಡಿರುವುದಿಲ್ಲ. ವೆನಿಸ್‌ನಲ್ಲಿ ಒಂದು ರಾತ್ರಿ ಕಡಿಮೆ ಮಾಡಿ, ಇಲ್ಲಿ ಮೂರು ರಾತ್ರಿ ಇರಿ.

ಗ್ರೀಕರು ಕಟ್ಟಿದಾಗ ಇದಕ್ಕೆ ಇಟ್ಟ ಹೆಸರು ನೆಯಾಪೊಲಿಸ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೊಸೂರು. ಎರಡೂವರೆ ಸಾವಿರ ವರ್ಷದ ಹೊಸೂರು! ಅಂದು ಎಳೆದ ನೆಟ್ಟನೆಯ ಬೀದಿಗಳಲ್ಲೇ ಇಂದೂ ಜನ ಓಡಾಡುತ್ತಾರೆ. ಅವುಗಳಲ್ಲಿ ಒಂದು, ಊರನ್ನು ಚಾಕುವಿನಿಂದ ಸೀಳಿದ ಹಾಗಿರುವುದರಿಂದ ಅದರ ಹೆಸರೇ ‘ಸ್ಪಕ್ಕಾನಾಪೊಲಿ’, ನೇಪಲ್ಸನ್ನು ಸೀಳುವ ಬೀದಿ. ಸಂಜೆ ಐದರ ಹೊತ್ತಿಗೆ ಅಲ್ಲಿಂದ ಪಕ್ಕದ ಯಾವುದಾದರೂ ಓಣಿಗೆ ಹೊಕ್ಕು ಸುಮ್ಮನೆ ನಿಲ್ಲಿ. ನೆಲಮಹಡಿಯಲ್ಲಿ ಒಂದೇ ಕೋಣೆಯ ಮನೆಗಳು, ‘ಬಾಸ್ಸಿ’ ಅನ್ನುತ್ತಾರೆ. ಬಾಗಿಲು ತೆಗೆದರೆ ಅಡುಗೆಮನೆಯೇ ಬೀದಿಗೆ ಬಂದ ಹಾಗೆ. ತಲೆಯ ಮೇಲೆ ಆ ಗೋಡೆಯಿಂದ ಈ ಗೋಡೆಗೆ ಒಣಹಾಕಿದ ಬಟ್ಟೆ. ನಾಲ್ಕನೇ ಮಹಡಿಯಿಂದ ಅಜ್ಜಿಯೊಬ್ಬರು ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟರು. ಕೆಳಗಿನ ಅಂಗಡಿಯ ಹುಡುಗ ಅದರೊಳಗಿದ್ದ ನೋಟು ತೆಗೆದುಕೊಂಡು, ಬ್ರೆಡ್ಡು ಮತ್ತು ಚಿಲ್ಲರೆ ಇಟ್ಟು, ಹಗ್ಗವನ್ನು ಎರಡು ಸಲ ಜಗ್ಗಿದ. ಬುಟ್ಟಿ ಮೇಲೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯಿತು, ಚಿಲ್ಲರೆ ಕಡಿಮೆಯಾಗಿತ್ತಂತೆ. ಮೇಲಿಂದ ಬೈಗುಳ, ಕೆಳಗಿಂದ ನಗು. ನಾನು ಕಂಡ ಈ ನೋಟಕ್ಕೆ ಟಿಕೆಟ್ ಇಲ್ಲ, ರೋಮ್‌ಗೆ ಹೊರಡುವ ಸಂಜೆ ರೈಲು ಹಿಡಿಯುವವರಿಗೆ ಇದು ಸಿಗುವುದೂ ಇಲ್ಲ.

ಕಳ್ಳರ ವಿಷಯ. ಇದ್ದಾರೆ. ಪ್ರವಾಸಿಗೆ ತಾಗುವುದು ಬಹುಮಟ್ಟಿಗೆ ಜೇಬುಗಳ್ಳತನ ಮತ್ತು ಸ್ಕೂಟರ್‌ನಲ್ಲಿ ಬಂದು ಚೀಲ ಕಿತ್ತುಕೊಳ್ಳುವುದು. ಮೆಜೆಸ್ಟಿಕ್‌ನಲ್ಲಿ ಹಬ್ಬದ ಹಿಂದಿನ ದಿನ ಬಸ್ ಹತ್ತಿ ಅಭ್ಯಾಸವಿರುವವರಿಗೆ ಇಲ್ಲಿ ಹೊಸದಾಗಿ ಕಲಿಯುವುದು ಹೆಚ್ಚಿಲ್ಲ. ಚೀಲ ಗೋಡೆಯ ಕಡೆಯ ಹೆಗಲಿಗಿರಲಿ, ರಸ್ತೆಯ ಕಡೆಗಲ್ಲ. ಹಿಂದಿನ ಜೇಬಿನಲ್ಲಿ ಫೋನ್ ಬೇಡ. ಮಾಂಗಲ್ಯದ ಸರ ಸೆರಗಿನೊಳಗೆ, ಅಥವಾ ಮನೆಯಲ್ಲೇ. ಸೆಂಟ್ರಲ್ ನಿಲ್ದಾಣದ ಎದುರಿನ ಗಾರಿಬಾಲ್ಡಿ ಚೌಕದ ಸುತ್ತ ಹೋಟೆಲು ಅಗ್ಗ. ಆದರೂ ಮೊದಲ ಸಲ ಹೋಗುವವರು ಟೊಲೆಡೊ ರಸ್ತೆಯ ಹತ್ತಿರ, ಇಲ್ಲವೇ ಹಳೆಯ ಊರಿನೊಳಗೆ ಕೋಣೆ ಹಿಡಿಯುವುದು ಮೇಲು. ಬಿಳಿ ಬಣ್ಣದ ಅಧಿಕೃತ ಟ್ಯಾಕ್ಸಿಗಳಲ್ಲಿ ಮುಖ್ಯ ದಾರಿಗಳಿಗೆ ನಿಗದಿತ ದರವಿದೆ, ಆದರೆ ಹತ್ತುವ ಮೊದಲೇ ಅದನ್ನು ಕೇಳಬೇಕು. ಗಾಡಿ ಹೊರಟ ಮೇಲೆ ಕೇಳಿದರೆ ಮೀಟರೇ. ವಿಮಾನ ನಿಲ್ದಾಣದಿಂದ ಸೆಂಟ್ರಲ್ ನಿಲ್ದಾಣಕ್ಕೂ ಬಂದರಿಗೂ ಆಲಿಬಸ್ ಎಂಬ ಬಸ್ ಇದೆ.

ರಸ್ತೆ ದಾಟುವುದನ್ನು ನಿಮಗೆ ಹೇಳಿಕೊಡಬೇಕಿಲ್ಲ. ಓಡಬೇಡಿ, ನಡುವೆ ನಿಲ್ಲಬೇಡಿ, ಒಂದೇ ವೇಗದಲ್ಲಿ ನಡೆಯಿರಿ. ಜರ್ಮನಿಯವರು ಹೆದರಿ ನಿಂತ ಜಾಗದಲ್ಲಿ ಬೆಂಗಳೂರಿನವರು ಮಾತಾಡಿಕೊಂಡೇ ದಾಟುವುದನ್ನು ನೋಡಿದ್ದೇನೆ.

ನಾವು ಸಸ್ಯಾಹಾರಿಗಳು. ನಮ್ಮತ್ತೆಗೆ ಮೊಟ್ಟೆಯೂ ಆಗುವುದಿಲ್ಲ. ಸಮುದ್ರದ ಊರಿನಲ್ಲಿ ಮೀನು ಬಿಟ್ಟು ಏನು ಸಿಗುತ್ತದೆ? ಕುಕ್ಕರ್ ಒಯ್ಯಬೇಕೇ?
— ಎಂ.ಎನ್., ಕುವೆಂಪುನಗರ, ಮೈಸೂರು

ಕುಕ್ಕರ್ ಬೇಡ. ಆದರೆ ಹೆಸರು ನೋಡಿ ಮೋಸಹೋಗಬೇಡಿ, ಈ ಊರಿನ ತಿಂಡಿಗಳ ಹೆಸರು ಒಂದು ಹೇಳಿದರೆ ಒಳಗಿರುವುದು ಇನ್ನೊಂದು.

‘ಮರಿನಾರಾ’ ಅಂದರೆ ಕಡಲಿನವರದು. ಹೆಸರು ಕೇಳಿ ಮೀನು ಇರಬಹುದೆಂದು ನಮ್ಮವರು ಬಿಟ್ಟುಬಿಡುತ್ತಾರೆ. ಅದರಲ್ಲಿರುವುದು ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಆಲಿವ್ ಎಣ್ಣೆ, ಅಷ್ಟೇ. ಚೀಸ್ ಕೂಡ ಇಲ್ಲ. ನಿಮ್ಮತ್ತೆ ಬೆಳ್ಳುಳ್ಳಿ ತಿನ್ನುವವರಾದರೆ ಇಡೀ ನೇಪಲ್ಸ್‌ನಲ್ಲಿ ಅವರಿಗೆ ಇದಕ್ಕಿಂತ ನಿಶ್ಚಿಂತೆಯ ಊಟವಿಲ್ಲ. ‘ಮಾರ್ಗರೀಟಾ’ದಲ್ಲಿ ಟೊಮೆಟೊ, ಮೊಝರೆಲ್ಲಾ, ತುಳಸಿಯ ಬಳಗದ ಬೇಸಿಲ್ ಎಲೆ. 1889ರಲ್ಲಿ ರಾಣಿ ಮಾರ್ಗರೀಟಾಗಾಗಿ ಮಾಡಿದ್ದೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಇತಿಹಾಸಕಾರರು ಅಷ್ಟಾಗಿ ನಂಬುವುದಿಲ್ಲ. ಪಿಜ್ಜಾ ಒಲೆಯಲ್ಲಿರುವುದು ಒಂದು ಒಂದೂವರೆ ನಿಮಿಷ. ಅಂಚು ಉಬ್ಬಿ ಅಲ್ಲಲ್ಲಿ ಕರಿಚುಕ್ಕೆ ಬಿದ್ದಿರುತ್ತದೆ, ನಡುವೆ ಮೆತ್ತಗೆ, ಒದ್ದೆಯಾಗಿರುತ್ತದೆ. ಬೆಂದಿಲ್ಲವೆಂದು ವಾಪಸ್ ಕಳಿಸಬೇಡಿ, ಅದು ಇರಬೇಕಾದದ್ದೇ ಹಾಗೆ. ಬೀದಿಯಲ್ಲಿ ಕೊಳ್ಳುವ ಚಿಕ್ಕ ಪಿಜ್ಜಾವನ್ನು ಕರ್ಚೀಫಿನಂತೆ ನಾಲ್ಕಾಗಿ ಮಡಚಿ ಕೊಡುತ್ತಾರೆ, ನಡೆಯುತ್ತಾ ತಿನ್ನಿ.

ಚೀಸ್ ವಿಷಯದಲ್ಲಿ ಒಂದು ಮಾತು ಮುಚ್ಚಿಡುವುದು ಸರಿಯಲ್ಲ. ಪಾರ್ಮೆಸಾನ್, ಪೆಕೊರಿನೊ, ಎಮ್ಮೆ ಹಾಲಿನ ಮೊಝರೆಲ್ಲಾ ಇವಕ್ಕೆ ಹಾಲು ಒಡೆಯಲು ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದು ರೂಢಿ. ಮನಸ್ಸು ಒಪ್ಪದಿದ್ದರೆ ಮರಿನಾರಾಕ್ಕೇ ನಿಲ್ಲಿ.

ಎಚ್ಚರ ಬೇಕಾದದ್ದು ಕರಿದ ತಿಂಡಿಗೆ. ‘ಪಿಜ್ಜಾ ಫ್ರಿತ್ತಾ’ ಬಂಗಾರದ ಬಣ್ಣಕ್ಕೆ ಉಬ್ಬಿ ನಮ್ಮ ಪೂರಿಯ ದೊಡ್ಡಣ್ಣನಂತೆ ಕಾಣುತ್ತದೆ. ಒಳಗೆ ರಿಕೊಟ್ಟಾ ಜೊತೆ ‘ಚಿಕೊಲಿ’ ಹಾಕುವುದು ಸಂಪ್ರದಾಯ. ಚಿಕೊಲಿ ಅಂದರೆ ಹಂದಿಯ ಕೊಬ್ಬು ಕರಗಿಸಿ ಉಳಿದ ಚೂರು. ಗರಿಗರಿ ಪದರಗಳ ಸಿಹಿ ‘ಸ್ಫೊಲ್ಯತೆಲ್ಲಾ’ದ ಹಿಟ್ಟಿಗೂ, ಮೆಣಸು ಬಾದಾಮಿಯ ‘ತರಾಲ್ಲಿ’ಗೂ ಹಂದಿಕೊಬ್ಬು ಬೀಳುತ್ತದೆ. ಅದರ ಹೆಸರು ‘ಸ್ಟ್ರುತ್ತೊ’. ಇದೊಂದು ಪದ ಬರೆದಿಟ್ಟುಕೊಂಡು ಕೇಳಿ. ‘ಸೆನ್‌ತ್ಸಾ ಕಾರ್ನೆ’, ಮಾಂಸ ಬೇಡ, ಎಂದರೆ ಸಾಲದು. ಹ್ಯಾಮ್ ಮಾಂಸವೆಂದು ಎಲ್ಲ ಮಾಣಿಗಳಿಗೂ ಅನಿಸುವುದಿಲ್ಲ. ‘ಸೆನ್‌ತ್ಸಾ ಪ್ರೊಷುತ್ತೊ, ಸೆನ್‌ತ್ಸಾ ಪೇಶೆ’ ಎಂದು ಹ್ಯಾಮು, ಮೀನು ಎರಡನ್ನೂ ಬಿಡಿಸಿ ಹೇಳಿ.

ಬದನೆಕಾಯಿಯ ‘ಪರ್ಮಿಜಾನಾ’, ಕಹಿ ಸೊಪ್ಪು ‘ಫ್ರಿಯರಿಯೆಲ್ಲಿ’ (ಸಾಸೇಜ್ ಇಲ್ಲದೆ ಕೊಡಲು ಹೇಳಿ), ಹುರುಳಿಕಾಯಿ ಬೀಜದ ಪಾಸ್ತಾ, ಇವೆಲ್ಲ ಊರಿನವರ ಮನೆಯೂಟ. ಪರ್ಮಿಜಾನಾಕ್ಕೆ ಕೆಲವರು ಮೊಟ್ಟೆಯಲ್ಲಿ ಅದ್ದಿ ಕರಿಯುತ್ತಾರೆ, ಕೇಳಿಕೊಳ್ಳಿ. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗಿಷ್ಟು ಸೇರಿಸಿದ್ದರೆ ಜಗಳ ಬೇಡ, ಕೂತದ್ದಕ್ಕೆ ತೆಗೆದುಕೊಳ್ಳುವ ದುಡ್ಡು ಅದು. ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ. ತುಪ್ಪದ ಡಬ್ಬಿ ಮಾತ್ರ ಬೇಡ. ಹೊರದೇಶಗಳಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ.

ನಾನು ನಿವೃತ್ತ ಶಿಕ್ಷಕಿ. ಇಕ್ಕೇರಿಗೆ ಬಂದಿದ್ದ ಪಿಯೆತ್ರೊ ಡೆಲ್ಲಾ ವಾಲೆ ಇಟಲಿಯವನೆಂದು ಮಕ್ಕಳಿಗೆ ಪಾಠ ಮಾಡಿದ್ದೆ. ಮಗಳ ಜೊತೆ ನೇಪಲ್ಸ್‌ಗೆ ಹೋಗುತ್ತಿದ್ದೇನೆ. ಅವನಿಗೂ ಆ ಊರಿಗೂ ಸಂಬಂಧವುಂಟೇ?
— ಓದುಗರೊಬ್ಬರು, ಸಾಗರ

ಉಂಟು ಮೇಡಂ, ನೀವು ನೆನೆಸಿದ್ದಕ್ಕಿಂತ ಹೆಚ್ಚು. ಡೆಲ್ಲಾ ವಾಲೆ ಹುಟ್ಟಿದ್ದು ರೋಮ್‌ನಲ್ಲಿ. ಪ್ರೀತಿಸಿದವಳು ಬೇರೆಯವನನ್ನು ಮದುವೆಯಾದಾಗ ಮನಸ್ಸು ಕೆಟ್ಟು ನೇಪಲ್ಸ್‌ನಲ್ಲಿದ್ದ ಗೆಳೆಯ, ವೈದ್ಯ ಮಾರಿಯೊ ಸ್ಕಿಪಾನೊನ ಬಳಿಗೆ ಬಂದ. ಪೂರ್ವದೇಶಗಳಿಗೆ ಯಾತ್ರೆ ಹೊರಡುವ ಯೋಚನೆ ಗಟ್ಟಿಯಾದದ್ದು, ಯಾತ್ರಿಕನ ಉಡುಪು ತೊಟ್ಟದ್ದು ನೇಪಲ್ಸ್‌ನಲ್ಲೇ. 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿದ. ಹನ್ನೆರಡು ವರ್ಷ ತಿರುಗಿದ. ದಾರಿಯುದ್ದಕ್ಕೂ ಅವನು ಬರೆದ ಉದ್ದುದ್ದ ಪತ್ರಗಳೆಲ್ಲ ಸ್ಕಿಪಾನೊನಿಗೆ.

ಅಂದರೆ 1623ರ ನವೆಂಬರ್‌ನಲ್ಲಿ ನಿಮ್ಮ ಇಕ್ಕೇರಿಯಲ್ಲಿ ಕೂತು ಅವನು ಬರೆದ ಪತ್ರದ ವಿಳಾಸ ನೇಪಲ್ಸ್! ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನ, ಬೀದಿಯಲ್ಲಿ ಕೋಲು ಹಿಡಿದು ಕುಣಿಯುವ ಹೆಂಗಸರು, ಮರಳ ಮೇಲೆ ಬೆರಳಿನಿಂದ ಅಂಕಿ ಬರೆದು ರಾಗವಾಗಿ ಹೇಳಿಕೊಂಡು ಲೆಕ್ಕ ಕಲಿಯುವ ಹುಡುಗರು, ಮುಂದೆ ಕರಾವಳಿಯಲ್ಲಿ ನೀರಿನ ಕಾಲುವೆಯ ಕೆಲಸ ನೋಡಲು ಬರಿಗಾಲಲ್ಲಿ ಹೊರಟಿದ್ದ ಉಳ್ಳಾಲದ ರಾಣಿ, ಇಷ್ಟನ್ನೂ ನೇಪಲ್ಸ್‌ನ ಒಬ್ಬ ವೈದ್ಯನಿಗೆ ಬರೆದು ತಿಳಿಸಿದ. ಕಡಲತೀರದ ಈ ಊರಿನಲ್ಲಿ ಇಕ್ಕೇರಿಯ ಸುದ್ದಿ ಓದಿದ ಒಬ್ಬನಾದರೂ ನಾನೂರು ವರ್ಷದ ಹಿಂದೆಯೇ ಇದ್ದ.

ಆಗ ನೇಪಲ್ಸ್ ಸ್ಪೇನ್ ದೊರೆಯ ವೈಸ್‌ರಾಯರ ಆಳ್ವಿಕೆಯಲ್ಲಿತ್ತು. ನೀವು ನಡೆಯುವ ಟೊಲೆಡೊ ರಸ್ತೆ ಅಂಥ ಒಬ್ಬ ವೈಸ್‌ರಾಯ್ 1536ರಲ್ಲಿ ಮಾಡಿಸಿದ್ದು. ಡೆಲ್ಲಾ ವಾಲೆಯೂ ಅದರ ಮೇಲೆ ನಡೆದಿರಲೇಬೇಕು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಒಂದು ಫೋಟೊ ಪರ್ಸಿನಲ್ಲಿಟ್ಟುಕೊಂಡು ಹೋಗಿ, ಅಲ್ಲಿ ನಿಂತು ಮಗಳಿಗೆ ಈ ಕಥೆ ಹೇಳಿ.

ಪಾಂಪೇಯಿಯಲ್ಲಿ ಲಕ್ಷ್ಮೀ ವಿಗ್ರಹ ಸಿಕ್ಕಿದೆಯಂತೆ. ಅದನ್ನು ನೋಡಬಹುದೇ? ಪಾಂಪೇಯಿಗೆ ಯಾವ ರೈಲು? ಮೊಮ್ಮಕ್ಕಳೂ ಜೊತೆಗಿರುತ್ತಾರೆ.
— ಕೆ.ವಿ., ಹುಬ್ಬಳ್ಳಿ

ವಿಗ್ರಹ ಇರುವುದು ಪಾಂಪೇಯಿಯಲ್ಲಲ್ಲ, ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ತ್ವ ಸಂಗ್ರಹಾಲಯದಲ್ಲಿ. ಮಂಗಳವಾರ ರಜೆ. 1938ರಲ್ಲಿ ಒಂದು ಮನೆಯ ಉತ್ಖನನದಲ್ಲಿ ಸಿಕ್ಕ ದಂತದ ಗೊಂಬೆ, ಎತ್ತರ ಒಂದು ಗೇಣಿಗಿಂತ ತುಸು ಹೆಚ್ಚು. ಮೈತುಂಬ ಒಡವೆ, ಕಾಲಿಗೆ ಸಾಲುಸಾಲು ಕಡಗ, ಎರಡೂ ಪಕ್ಕದಲ್ಲಿ ಚಿಕ್ಕ ಸೇವಕಿಯರು. ಲಕ್ಷ್ಮಿ ಎಂಬ ಹೆಸರು ಉಳಿದುಕೊಂಡಿದ್ದರೂ ಯಕ್ಷಿ ಇರಬೇಕೆಂಬುದೇ ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ನೆತ್ತಿಯಲ್ಲಿ ತೂತು ಇರುವುದರಿಂದ ಕನ್ನಡಿಯ ಹಿಡಿಯೋ, ಸಣ್ಣ ಪೀಠದ ಕಾಲೋ ಆಗಿದ್ದಿರಬಹುದು. ಇದನ್ನು ಹೋಲುವ ದಂತದ ಕೆಲಸ ಮಹಾರಾಷ್ಟ್ರದ ತೇರ್, ಭೋಕರ್‌ದನ್‌ಗಳಲ್ಲಿ ಸಿಕ್ಕಿದೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಸಿಡಿದು ಊರು ಹೂತುಹೋಗುವ ಮೊದಲೇ ಸಾತವಾಹನರ ನಾಡಿನ ಸರಕು ಹಡಗೇರಿ ಅಲ್ಲಿಗೆ ತಲುಪಿತ್ತು.

ಮೊಮ್ಮಕ್ಕಳ ವಿಷಯ ಹೇಳಿದಿರಲ್ಲ, ಅದಕ್ಕೊಂದು ಮಾತು. ಈ ಗೊಂಬೆಯನ್ನು ಇಟ್ಟಿರುವುದು ‘ರಹಸ್ಯ ಕೋಣೆ’ ಎಂಬ ವಿಭಾಗದಲ್ಲಿ. ಪಾಂಪೇಯಿಯಲ್ಲಿ ಸಿಕ್ಕ ಶೃಂಗಾರದ ಚಿತ್ರ, ಶಿಲ್ಪಗಳನ್ನೆಲ್ಲ ಒಂದೆಡೆ ಸೇರಿಸಿದ ಕೋಣೆ ಅದು. ನೀವೊಬ್ಬರೇ ಹೋಗಿ ನೋಡಿ ಬನ್ನಿ, ಮಕ್ಕಳು ಹೊರಗೆ ಅಜ್ಜಿಯ ಜೊತೆ ಇರಲಿ. ಸೆರಗು, ಸೊಂಟಪಟ್ಟಿ ನೋಡಿ ಬೆಳೆದ ನಮ್ಮ ಕಣ್ಣಿಗೆ ಈ ಹೆಣ್ಣು ಆ ಕೋಣೆಗೆ ಸೇರಿದವಳಲ್ಲವೆಂದು ನೋಡಿದ ಕೂಡಲೇ ಅನಿಸುತ್ತದೆ.

ಪಾಂಪೇಯಿಗೆ ಸೆಂಟ್ರಲ್ ನಿಲ್ದಾಣದ ಕೆಳಗಿನ ಅಂತಸ್ತಿನಿಂದ ‘ಚಿರ್ಕುಂವೆಸುವಿಯಾನಾ’ ಎಂಬ ಸ್ಥಳೀಯ ರೈಲು. ಸೊರೆಂಟೊ ಕಡೆಗೆ ಹೋಗುವುದನ್ನು ಹತ್ತಿ ‘ಪಾಂಪೇಯಿ ಸ್ಕಾವಿ – ವಿಲ್ಲಾ ದೇಯ್ ಮಿಸ್ತೆರಿ’ಯಲ್ಲಿ ಇಳಿಯಿರಿ. ಬರೀ ‘ಪಾಂಪೇಯಿ’ ಎಂಬ ಹೆಸರಿನ ಬೇರೆ ನಿಲ್ದಾಣಗಳಿವೆ, ಅಲ್ಲಿಳಿದರೆ ನಡಿಗೆ ಹೆಚ್ಚು. ರೈಲು ಹಳೆಯದು, ನೂಕುನುಗ್ಗಲು, ಜೇಬು ಜೋಪಾನ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ, ಟಿಕೆಟ್ ಮೇಲೆ ಹೆಸರು ಕಡ್ಡಾಯ. ಮೊದಲೇ ಕಾಯ್ದಿರಿಸಿ, ಗುರುತಿನ ದಾಖಲೆ ಇಟ್ಟುಕೊಳ್ಳಿ. ಒಳಗೆ ನೆರಳು ಕಡಿಮೆ. ಕೊಡೆ ಹಿಡಿಯಲು ನಾಚಿಕೆ ಬೇಡ.

ಕ್ರೂಸ್ ಹಡಗು ನೇಪಲ್ಸ್‌ನಲ್ಲಿ ಎಂಟು ಗಂಟೆ ನಿಲ್ಲುತ್ತದೆ. ಪಾಂಪೇಯಿ, ವೆಸುವಿಯಸ್, ಕಾಪ್ರಿ ಮೂರೂ ಆಗುತ್ತದೆಯೇ?
— ಪಿ.ಜಿ., ಮಂಗಳೂರು

ಇಲ್ಲ. ಹಡಗುಕಟ್ಟೆಯಿಂದ ಹೊರಗೆ ಬಂದು ರಸ್ತೆ ದಾಟಿದರೆ ಊರೇ ಎದುರಿಗಿದೆ. ಊರನ್ನೇ ನೋಡಿ.

ಕಾಪ್ರಿ ದ್ವೀಪ ದುಬಾರಿ ಅಂತಾರೆ. ಬದಲಿಗೆ ಬೇರೇನಾದರೂ?
— ಟಿ.ಆರ್., ಚಿತ್ರದುರ್ಗ

ಬೇರೆ ಯಾರು ಕೇಳಿದ್ದರೂ ಪ್ರೊಚಿದಾ ಎಂದುಬಿಡುತ್ತಿದ್ದೆ. ಬಣ್ಣಬಣ್ಣದ ಮನೆಗಳ ಬೆಸ್ತರ ಪುಟ್ಟ ದ್ವೀಪ, 2022ರಲ್ಲಿ ಇಟಲಿಯ ಸಾಂಸ್ಕೃತಿಕ ರಾಜಧಾನಿಯಾಗಿತ್ತು, ಖರ್ಚೂ ಕಡಿಮೆ. ಆದರೆ ನೀವು ಚಿತ್ರದುರ್ಗದವರು. ನಿಮ್ಮ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಚಕ್ರವರ್ತಿ ತಿಬೇರಿಯಸ್‌ನದೂ ಇವೆ. ಅವನು ಕೊನೆಯ ಹತ್ತು ವರ್ಷ ರೋಮ್ ಬಿಟ್ಟು ಕಾಪ್ರಿಯಲ್ಲಿ ಕೂತು ರಾಜ್ಯವಾಳಿದ. ಅವನ ಅರಮನೆ ‘ವಿಲ್ಲಾ ಜೋವಿಸ್’ನ ಅವಶೇಷ ಗುಡ್ಡದ ತುದಿಯಲ್ಲಿದೆ. ಒಂದು ದಿನದ ಮಟ್ಟಿಗೆ ದುಬಾರಿಯಾದರೂ ಕಾಪ್ರಿಗೇ ಹೋಗಿ, ರಾತ್ರಿ ಮಾತ್ರ ನೇಪಲ್ಸ್‌ಗೆ ಬಂದು ಮಲಗಿ. ವೇಗದ ದೋಣಿಗಳು ಬೆವೆರೆಲ್ಲೊ ಕಟ್ಟೆಯಿಂದ, ಸುಮಾರು ಐವತ್ತು ನಿಮಿಷ. ಗಾಳಿ ಜೋರಾದರೆ ರದ್ದಾಗುತ್ತವೆ. ಊರಿಗೆ ಮರಳುವ ವಿಮಾನವಿರುವ ದಿನ ದ್ವೀಪಕ್ಕೆ ಹೋಗಲೇಬೇಡಿ.

ನಮ್ಮದು ಸಣ್ಣ ಕಾಫಿ ತೋಟ. ನಮ್ಮ ರೊಬಸ್ಟಾ ಇಟಲಿಗೆ ಹೋಗುತ್ತದೆ ಎನ್ನುತ್ತಾರೆ. ನೇಪಲ್ಸ್ ಕಾಫಿ ಅಷ್ಟು ಒಳ್ಳೆಯದೇ?
— ಬಿ.ಎಂ., ಸೋಮವಾರಪೇಟೆ

ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಭಾರತದ ಕಾಫಿಯ ಹೆಚ್ಚಿನ ಪಾಲು ನಮ್ಮ ಮೂರು ಜಿಲ್ಲೆಗಳದ್ದು. ಉತ್ತರ ಇಟಲಿಯವರಿಗಿಂತ ನೇಪಲ್ಸ್‌ನವರು ಕಡುವಾಗಿ ಹುರಿಯುತ್ತಾರೆ, ಮಿಶ್ರಣದಲ್ಲಿ ರೊಬಸ್ಟಾ ಹೆಚ್ಚು ಹಾಕುತ್ತಾರೆ. ಮೇಲಿನ ಕೆನೆ ದಪ್ಪಗಿರಲು, ಗಂಟಲಿಗೆ ಹಿಡಿಯಲು ಅದೇ ಬೇಕು. ನೀವು ಕುಡಿಯುವ ಲೋಟದಲ್ಲಿ ಕೊಡಗಿನ ಕಾಳು ಇದ್ದರೆ ಆಶ್ಚರ್ಯವಿಲ್ಲ.

ಕುಡಿಯುವ ಕ್ರಮ ಹೇಳುತ್ತೇನೆ. ಎಷ್ಟೋ ಕಡೆ ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ಪಡೆಯಬೇಕು, ನಮ್ಮ ದರ್ಶಿನಿಯ ಹಾಗೆಯೇ. ಚೀಟಿಯನ್ನು ಕಟ್ಟೆಯ ಮೇಲಿಟ್ಟರೆ ಮೊದಲು ಒಂದು ಲೋಟ ನೀರು ಬರುತ್ತದೆ. ಅದನ್ನು ಕಾಫಿಗೆ ಮುಂಚೆ ಕುಡಿಯಿರಿ, ಬಾಯಿ ಶುದ್ಧವಾಗಲಿ ಎಂದು ಕೊಡುವುದು. ಕುದಿನೀರಿನಿಂದ ಎತ್ತಿದ ಬಟ್ಟಲು ತುಟಿ ಸುಡುತ್ತದೆ, ಜೋಪಾನ. ಕಾಫಿ ಇರುವುದು ಎರಡು ಮೂರು ಗುಟುಕು. ನಿಂತೇ ಕುಡಿದು ಹೊರಡಬೇಕು. ಕೂತರೆ ಬೆಲೆ ಬೇರೆ.

‘ಕಫೆ ಸೊಸ್ಪೆಸೊ’ ಅಂತ ಒಂದು ಹಳೆಯ ಪದ್ಧತಿಯಿದೆ. ಒಂದು ಕುಡಿದು ಎರಡರ ದುಡ್ಡು ಕೊಟ್ಟು ಹೋಗುವುದು. ಕೈಯಲ್ಲಿ ಕಾಸಿಲ್ಲದ ಯಾರೋ ಆಮೇಲೆ ಬಂದು ಆ ಇನ್ನೊಂದನ್ನು ಕುಡಿಯುತ್ತಾರೆ. ಬೆಳೆಗಾರರಾದ ನೀವು ಒಂದಾದರೂ ಹಾಗೆ ಕೊಟ್ಟು ಬನ್ನಿ.

ಮಗ ಜರ್ಮನಿಯಲ್ಲಿದ್ದಾನೆ. ಆಗಸ್ಟ್‌ನಲ್ಲಿ ಅವನ ಬಳಿ ಒಂದು ತಿಂಗಳಿದ್ದು ಐದು ದಿನ ನೇಪಲ್ಸ್‌ಗೆ ಹೋಗುವ ಆಸೆ. ನನಗೆ ಮಂಡಿ ನೋವು. ಭೂಕಂಪವೂ ಆಗುತ್ತಿದೆಯಂತೆ. ವೀಸಾ ಇಟಲಿಯದೋ ಜರ್ಮನಿಯದೋ?
— ಎಲ್.ಡಿ., ದಾವಣಗೆರೆ

ಷೆಂಗೆನ್ ವೀಸಾವನ್ನು ಹೆಚ್ಚು ದಿನ ಉಳಿಯುವ ದೇಶದಿಂದ ಪಡೆಯಬೇಕು. ನಿಮಗೆ ಅದು ಜರ್ಮನಿ. 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಆಗಸ್ಟ್ ಬೇಡ. ಸೆಖೆ ಒಂದು ಕಡೆ, 15ರ ‘ಫೆರಾಗೊಸ್ತೊ’ ರಜೆಗೆ ಅಂಗಡಿ, ಹೋಟೆಲು ಬಾಗಿಲು ಹಾಕಿ ಊರವರೇ ಕಡಲತೀರಕ್ಕೆ ಹೋಗಿರುತ್ತಾರೆ. ಸಾಧ್ಯವಾದರೆ ಸೆಪ್ಟೆಂಬರ್ ಕೊನೆಗೆ ಮುಂದೂಡಿ. ಬೀದಿಗಳಿಗೆ ಹಾಸಿರುವುದು ಜ್ವಾಲಾಮುಖಿಯ ಕರಿಕಲ್ಲಿನ ಚಪ್ಪಡಿ, ಮಳೆ ಬಿದ್ದರೆ ಜಾರುತ್ತದೆ, ಒಣಗಿದ್ದರೆ ಮಂಡಿಗೆ ಕುಟ್ಟುತ್ತದೆ. ಮೆತ್ತನೆಯ ಅಡಿಯ ಶೂ ಹಾಕಿ. ಗುಡ್ಡದ ಮೇಲಿನ ವೊಮೆರೊಗೆ ಮೆಟ್ಟಿಲು ಹತ್ತಬೇಡಿ, ಫ್ಯುನಿಕ್ಯುಲರ್ ರೈಲಿದೆ. ಪಾಂಪೇಯಿ ನಿಮಗೆ ಕಷ್ಟ. ಅಲ್ಲಿಗೆ ಹೋಗುವ ಚಿರ್ಕುಂವೆಸುವಿಯಾನಾ ರೈಲಿನಲ್ಲೇ ಅರ್ಧ ದಾರಿಗೆ ಇಳಿದು ಹರ್ಕುಲೇನಿಯಂ ನೋಡಿ. ಚಿಕ್ಕದು, ಮನೆಗಳ ಮರದ ತೊಲೆಗಳೂ ಇದ್ದಿಲಾಗಿ ಉಳಿದಿವೆ. ನನ್ನನ್ನು ಕೇಳಿದರೆ ಪಾಂಪೇಯಿಗಿಂತ ಅದೇ ಮನಸ್ಸಿಗೆ ಹತ್ತಿರ.

ಇನ್ನೊಂದು, ಕಾಗದದ ಟಿಕೆಟ್ ಕೊಂಡರೆ ಸಾಲದು, ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಒತ್ತಿಸದ ಟಿಕೆಟನ್ನು ಹೆಮ್ಮೆಯಿಂದ ತೋರಿಸಿ ದಂಡ ಕಟ್ಟಿದವನು ನಾನು. ತಪ್ಪು ನನ್ನದೇ.

ಭೂಮಿ ನಡುಗುತ್ತಿರುವುದು ನಗರದ ಪಶ್ಚಿಮಕ್ಕಿರುವ ಪೊಟ್ಸುವೊಲಿ ಸುತ್ತಿನ ಕಾಂಪಿ ಫ್ಲೆಗ್ರೇಯಿ ಪ್ರದೇಶದಲ್ಲಿ. ಅಲ್ಲಿ ನೆಲವೇ ಉಬ್ಬುತ್ತಾ ಇಳಿಯುತ್ತಾ ಇರುತ್ತದೆ, ಕೆಲವು ಕಂಪನ ನಗರಕ್ಕೂ ತಟ್ಟುತ್ತವೆ. ವೆಸುವಿಯಸ್ ಕೊನೆಯದಾಗಿ ಸಿಡಿದದ್ದು 1944ರಲ್ಲಿ. ಎರಡರ ಮೇಲೂ ಕಣ್ಣಿಟ್ಟಿರುವ ವೀಕ್ಷಣಾಲಯ 1841ರಲ್ಲಿ ಶುರುವಾದದ್ದು, ಜ್ವಾಲಾಮುಖಿಗಾಗಿ ಜಗತ್ತಿನಲ್ಲಿ ಕಟ್ಟಿದ ಮೊದಲನೆಯದು. ಐದು ದಿನಕ್ಕೆ ಹೋಗುವವರು ಹೋಟೆಲಿನಲ್ಲಿ ಹೊರಬಾಗಿಲು ಎಲ್ಲಿದೆ ಎಂದು ಮೊದಲ ದಿನವೇ ನೋಡಿಕೊಂಡು, ಆಮೇಲೆ ಆ ಚಿಂತೆ ಬಿಡಿ.

ಪಾಸ್‌ಪೋರ್ಟ್ ಕಳೆದರೆ?
— ಹೆಸರು ಬೇಡ, ಬೆಳಗಾವಿ

ಮೊದಲು ಪೊಲೀಸ್ ಠಾಣೆಯಲ್ಲಿ ‘ದೆನೂನ್ಚಾ’, ಅಂದರೆ ದೂರು ಬರೆಸಿ ಪ್ರತಿ ಪಡೆಯಿರಿ. ಆಮೇಲೆ ರೋಮ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿ. ತುರ್ತಿಗೆ 112. ನೆರಳಚ್ಚು ಪ್ರತಿಗಳು ಬೇರೆ ಚೀಲದಲ್ಲಿರಲಿ.

ನೇಪಲ್ಸ್‌ನಿಂದ ತರುವಂಥದ್ದು ಏನು?
— ಎಸ್.ಬಿ., ಉಡುಪಿ

ಸಾನ್ ಗ್ರೆಗೊರಿಯೊ ಅರ್ಮೆನೊ ಎಂಬ ಓಣಿಯಲ್ಲಿ ವರ್ಷವಿಡೀ ಕ್ರಿಸ್ಮಸ್ ಗೊಂಬೆ ಮಾಡುವವರಿದ್ದಾರೆ. ದಸರಾ ಗೊಂಬೆ ಕೂರಿಸುವ ಮನೆಯವರಾದರೆ ಹೊರಗೆ ಬರುವುದೇ ಕಷ್ಟ. ಪಿಜ್ಜಾ ಮಾಡುವವ, ಮೀನು ಮಾರುವವಳು, ಫುಟ್‌ಬಾಲ್ ಆಟಗಾರ ಮರಡೋನಾ, ಎಲ್ಲರೂ ದೇವರ ಜೊತೆ ಒಂದೇ ಕಪಾಟಿನಲ್ಲಿ ನಿಂತಿರುತ್ತಾರೆ. ಚಿಕ್ಕದೇನಾದರೂ ಬೇಕೆಂದರೆ ‘ಕೊರ್ನೊ’ ತನ್ನಿ, ಮೆಣಸಿನಕಾಯಿಯಂತೆ ಕಾಣುವ ಕೆಂಪು ಕೊಂಬು. ದೃಷ್ಟಿ ತಾಗದಿರಲಿ ಎಂದು ಕಟ್ಟಿಕೊಳ್ಳುವುದು. ತನಗೆಂದು ತಾನೇ ಕೊಂಡರೆ ಅದು ಫಲ ಕೊಡುವುದಿಲ್ಲ, ಬೇರೆಯವರು ಕೊಡಬೇಕು ಅನ್ನುವುದು ಅಲ್ಲಿನವರ ನಂಬಿಕೆ. ಆದ್ದರಿಂದ ಗಂಡ ಹೆಂಡತಿ ಹೋದರೆ ಎರಡು ಕೊಳ್ಳಬೇಕಾಗುತ್ತದೆ.